ನಿಂತ ನೆಲ

ನನ್ನ ತಂಗಿ ಮಹಾಂತವ್ವ ಲಿಂಗೈಕ್ಯಳಾದ ಸುದ್ದಿ ನನಗೆ ತಿಳಿದದ್ದು ಸೋಮವಾರ ಬೆಳಿಗ್ಗೆ, ಪೂಜೆಗೆ ಕುಳಿತಿದ್ದಾಗ. ಅಂಗೈಯಲ್ಲಿ ಲಿಂಗವಿತ್ತು, ಇನ್ನೂ ನೀರೆರೆದಿರಲಿಲ್ಲ. ಅವಳ ಮಗಳು ಕಸ್ತೂರಿ ಬಂದು ಬಾಗಿಲಲ್ಲಿ ನಿಂತಳು. ಹದಿನಾರು ಮನೆಗಳ ದೂರವನ್ನು ಓಡಿಕೊಂಡೇ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು.

"ಮಾವಾ, ಅವ್ವ ಏಳವಲ್ಲಳು," ಎಂದಳು.

"ಕರೆದು ನೋಡಿದೇನವ್ವಾ?"

"ಕರೆದೆ. ಕೈ ಹಿಡಿದೆ. ತಣ್ಣಗಾಗ್ಯಾಳ."

ಲಿಂಗಕ್ಕೆ ನೀರೆರೆದು, ಒಂದು ಪತ್ರೆ ಏರಿಸಿ, ಕರಡಿಗೆಯಲ್ಲಿಟ್ಟುಕೊಂಡೇ ಎದ್ದೆ. ಎಪ್ಪತ್ತು ದಾಟಿದ ಮೇಲೆ ಸಾವಿನ ಸುದ್ದಿ ಮನುಷ್ಯನನ್ನು ಅಷ್ಟಾಗಿ ಬೆಚ್ಚಿಬೀಳಿಸುವುದಿಲ್ಲ. ನನ್ನನ್ನು ಬೆಚ್ಚಿಬೀಳಿಸಿದ್ದು ಕಸ್ತೂರಿಯ ಮುಂದಿನ ಮಾತು.

"ಜಗಲಿ ಗೂಡಿನಾಗಿಂದ ಅಪ್ಪನ ಹಗ್ಗ ತಗಿಸೀನಿ. ನೀವ ಬಂದು ಜಾಗಾ ತೋರಸಬೇಕು. ಅಪ್ಪನ ಎಡಕ್ಕ, ನಿಂತ ನೆಲದಾಗ ಕುಂಡ್ರಸ್ರಿ ಅಂತ ಅವ್ವ ನೂರು ಸಲ ಹೇಳ್ಯಾಳ."

ಆ ಮಾತಿಗೆ ನಾನೇಕೆ ಬೆಚ್ಚಿದೆನೆಂದು ಹೇಳಬೇಕಾದರೆ ಊರಿನ ಸಂಗತಿಯನ್ನು ಸ್ವಲ್ಪ ಹೇಳಬೇಕು.

ನಮ್ಮ ಊರಿನ ನಡುವೆ ಒಂದು ಬಿರುಕಿದೆ. ಗುಡ್ಡದ ಬುಡದಿಂದ ಹೊರಟು, ಪೇಟೆ ಬೀದಿಯ ನಟ್ಟನಡುವೆ ಹಾದು, ಹೊಳೆಗೆ ಹೋಗಿ ಮುಟ್ಟುತ್ತದೆ. ಅದರ ಮೂಡಣ ಮಗ್ಗುಲಿಗೆ ನಾವು ನಿಂತ ನೆಲ ಎನ್ನುತ್ತೇವೆ. ಪಡುವಣ ಮಗ್ಗುಲು ಸರಿಯುವ ನೆಲ. ಅದು ತಿಂಗಳಿಗೊಂದು ಗೇಣಿನಂತೆ ಬಡಗಣಕ್ಕೆ, ಹೊಳೆಯ ಕಡೆಗೆ, ಸರಿಯುತ್ತ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಎದುರು ಮನೆಯವರೆಂದರೆ ಮೂರು ವರ್ಷದ ಮಟ್ಟಿಗೆ ಮಾತ್ರ. ಅವರೊಡನೆ ಜಗಳ ಬಂದರೆ ಪಂಚಾಯ್ತಿ ಸೇರಿಸುವುದಿಲ್ಲ, ತಡೆದುಕೊಳ್ಳುತ್ತೇವೆ. ಬಿರುಕು ದಾಟುವ ಕಡೆ ನಳದ ಪೈಪುಗಳೆಲ್ಲ ರಬ್ಬರಿನವು, ಉದ್ದಕ್ಕೆ ಸುತ್ತಿ ಇಟ್ಟಿರುತ್ತಾರೆ. ಬಿರುಕಿನ ಮೇಲೆ ಗೋಡೆ ಕಟ್ಟುವ ಹುಚ್ಚು ಯಾರಿಗೂ ಇಲ್ಲ.

ಮಹಾಂತವ್ವನನ್ನು ಕೊಟ್ಟದ್ದು ನಮ್ಮ ಎದುರು ಮನೆಗೆ. ದೂರ ಕೊಡಲು ನಮ್ಮ ತಾಯಿಗೆ ಮನಸ್ಸಿರಲಿಲ್ಲ. ಮದುವೆಯಾದ ವರ್ಷ ನಮ್ಮ ಕಟ್ಟೆಯ ಮೇಲೆ ಕುಳಿತರೆ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೂಗಿದರೆ ಮಾತ್ರ ಕೇಳುವಂತಾಯಿತು. ನಮ್ಮ ತಾಯಿ ಹೊರಸನ್ನು ವರ್ಷಕ್ಕಿಷ್ಟು ಬಡಗಣಕ್ಕೆ ತಿರುಗಿಸಿ ಹಾಕಿಸಿಕೊಳ್ಳುತ್ತಿದ್ದಳು, ಮಗಳ ಬಾಗಿಲು ಕಾಣಲಿ ಎಂದು. ಕೊನೆಗೆ ಅದೂ ಮರೆಯಾಯಿತು. ನಲವತ್ತೆಂಟು ವರ್ಷಕ್ಕೆ ಹದಿನಾರು ಮನೆ. ಅವಳು ಎಲ್ಲಿಗೂ ಹೋಗಲಿಲ್ಲ, ಮನೆಯನ್ನೂ ಬಿಡಲಿಲ್ಲ, ಆದರೆ ನಮ್ಮಿಂದ ದೂರವಾದಳು. "ಅಣ್ಣಾ, ನನಗ ಮಲಗಿದರೂ ಕಾಲ್ಕೆಳಗ ಯಾರೋ ಚಾಪಿ ಜಗ್ಗಿದಂಗ ಆಗತೈತಿ," ಎಂದು ಒಮ್ಮೆ ಹೇಳಿದ್ದಳು. ನಿಂತ ನೆಲದ ಮೇಲೆ ಅವಳಿಗಿದ್ದ ಆಸೆ ಅಂಥದು.

ನಾನು ಮೂವತ್ತೆರಡು ವರ್ಷ ಊರಿನ ಗೂಟ ನೋಡುವ ಕೆಲಸ ಮಾಡಿದವನು. ಪ್ರತಿ ಅಮಾವಾಸ್ಯೆ ಪೇಟೆಯಲ್ಲಿ ಬಿರುಕಿನ ಎರಡೂ ಮಗ್ಗುಲ ಗೂಟಗಳ ನಡುವೆ ಬಿದಿರ ಕೋಲಿಟ್ಟು ಅಳೆದು, ಎಷ್ಟು ಸರಿದಿದೆ ಎಂದು ಚಾವಡಿಯ ಗೋಡೆಯ ಮೇಲೆ ಬರೆಯುತ್ತಿದ್ದೆ. ಮನೆ ಕಟ್ಟುವವರು, ಬಾವಿ ತೋಡುವವರು ನನ್ನನ್ನು ಕೇಳಿಯೇ ಗುದ್ದಲಿ ಹಾಕುತ್ತಿದ್ದರು. ನನ್ನ ಮಾತನ್ನು ಯಾರೂ ಮರಳಿ ಅಳೆದು ನೋಡುತ್ತಿರಲಿಲ್ಲ.

ರುದ್ರಭೂಮಿ ಇರುವುದು ಹೊಳೆಯ ದಂಡೆಗೆ. ಅಲ್ಲಿ ಗದ್ದಿಗೆ ಕಟ್ಟುವ ಪದ್ಧತಿಯಿಲ್ಲ, ಕಟ್ಟಿದರೂ ನಿಲ್ಲುವುದಿಲ್ಲ. ಗುಡ್ಡ ವರ್ಷ ವರ್ಷ ಏಳುತ್ತದೆ, ಮಳೆ ಅದನ್ನು ಕೆರೆಯುತ್ತದೆ, ಕೆರೆದ ಕೆಂಪು ಮಣ್ಣನ್ನು ಹೊಳೆ ತಂದು ನಮ್ಮವರ ಮೇಲೆ ಹಾಸುತ್ತದೆ. ಒಂದು ಮಳೆಗಾಲಕ್ಕೆ ನಾಲ್ಕು ಬೆರಳು ದಪ್ಪದ ಒಂದು ಪದರ. ಹೀಗಾಗಿ ಪ್ರತಿ ಮನೆಯ ಜಗಲಿಯ ಗೂಡಿನಲ್ಲಿ ಹಗ್ಗಗಳಿರುತ್ತವೆ, ಸತ್ತವರಿಗೆ ಒಂದೊಂದು. ರುದ್ರಭೂಮಿಯ ಬಾಗಿಲಲ್ಲಿ ಎರಡು ಕಲ್ಲುಗಳಿವೆ, ನಿಂತ ನೆಲಕ್ಕೊಂದು ಕೆಂಪು ಕಲ್ಲು, ಸರಿಯುವ ನೆಲಕ್ಕೊಂದು, ನೆಲದೊಡನೆ ತಾನೂ ಸರಿಯುವ ಕರಿ ಕಲ್ಲು. ಕಲ್ಲಿನಿಂದ ಹಗ್ಗ ಹಿಡಿದು ನಡೆದರೆ ಗುರುತಿನ ಗಂಟು ಮುಗಿದಲ್ಲಿ ನಮ್ಮವರು ಕುಳಿತಿದ್ದಾರೆಂದು ಲೆಕ್ಕ.

ಅಲ್ಲಿ ಬಿರುಕು ಮಣ್ಣಿನಡಿ ಮುಚ್ಚಿಹೋಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಒಂದು ಕ್ರಮವಿದೆ. ಕುಣಿಯ ಬಳಿ ಒಂದು ಗೂಟ ಹೊಡೆದು, ಅದರಿಂದ ಕೆಂಪು ಕಲ್ಲಿಗೆ ಒಂದು ನೂಲನ್ನು ಬಿಗಿಯಾಗಿ ಕಟ್ಟುತ್ತೇವೆ. ಮುಂದಿನ ಅಮಾವಾಸ್ಯೆಗೆ ನೂಲು ಹರಿದಿದ್ದರೆ ಅದು ಸರಿಯುವ ನೆಲ, ಹಗ್ಗವನ್ನು ಕರಿ ಕಲ್ಲಿನಿಂದ ಕಟ್ಟಬೇಕು. ಹರಿಯದಿದ್ದರೆ ನಿಂತ ನೆಲ, ಕೆಂಪು ಕಲ್ಲಿನಿಂದ ಕಟ್ಟಬೇಕು.

ಹನ್ನೊಂದು ವರ್ಷದ ಹಿಂದೆ ನಮ್ಮ ಭಾವ ರಾಚೋಟೆಪ್ಪ ತೀರಿಕೊಂಡಾಗ ನೂಲು ಕಟ್ಟಿದವನು ನಾನೇ. ಮಣ್ಣು ಕೊಟ್ಟು ಬಂದ ದಿನವೇ ಮಹಾಂತವ್ವ ಕೇಳಿದಳು, "ಅಣ್ಣಾ, ಅವರು ನಿಂತ ನೆಲದಾಗ ಅದಾರಲ್ಲ?" ಎಂದು. ಅವಳ ಮುಖ ನೋಡಿ ನಾನು, "ಅದಾರ ತಂಗಿ, ಚಿಂತಿ ಬಿಡು," ಎಂದುಬಿಟ್ಟೆ. ಅಮಾವಾಸ್ಯೆಯ ದಿನ ಮಳೆ ಹಿಡಿದಿತ್ತು. ನಾನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮಳೆಯದು ನೆಪ. ನೂಲು ಹರಿದಿದ್ದರೆ ಅವಳಿಗೆ ಏನು ಹೇಳಲಿ ಎಂಬ ಹೆದರಿಕೆಯೇ ನಿಜ. ಹೋಗದೆಯೇ, ಮಣ್ಣಿನ ದಿನ ಅಳೆದಿಟ್ಟ ಲೆಕ್ಕಕ್ಕೆ, ಕೆಂಪು ಕಲ್ಲಿನಿಂದ ಹಗ್ಗ ಕಟ್ಟಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಆ ಸೋಮವಾರ ಶವಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುಳ್ಳಿರಿಸಿ ಹೂವು ಕಟ್ಟುತ್ತಿದ್ದಾಗ ನಾನು ಒಂದು ಮೂಲೆಯಲ್ಲಿ ಕುಳಿತು ಶಿವನಾಮ ಹೇಳಿಕೊಳ್ಳುತ್ತಿದ್ದೆ. ನಾಮಕ್ಕಿಂತ ಹೆಚ್ಚಾಗಿ, ನನ್ನ ಊಹೆ ಸರಿಯಾಗಿರಲಿ ತಂದೆ ಎಂಬುದೇ ಬಾಯಿಗೆ ಬರುತ್ತಿತ್ತು.

ಹನ್ನೊಂದು ಗಂಟೆಗೆ, ಅವಳನ್ನು ರುದ್ರಭೂಮಿಗೆ ಹೊತ್ತು ತಂದ ಮೇಲೆ, ಕುಣಿ ತೋಡುವ ದುರ್ಗಪ್ಪ ಕೆಂಪು ಕಲ್ಲಿನಿಂದ ಹಗ್ಗ ಹಿಡಿದು ನಡೆದ. ನನ್ನ ವಾರಿಗೆಯವನೇ, ಬೆನ್ನು ಬಾಗಿದೆ, ಗುದ್ದಲಿ ಮಾತ್ರ ಬಿಟ್ಟಿಲ್ಲ. ಭಾವನವರ ಕುಣಿಯ ಗೋಡೆ ಸಿಕ್ಕಿದ ಮೇಲೆ ಅದರ ಎಡಕ್ಕೆ ತಂಗಿಯ ಕುಣಿ ತೋಡುವುದೆಂದು ಮಾತಾಗಿತ್ತು. ಅವನು ಒಂದೊಂದೇ ಪದರ ತೆಗೆಯುತ್ತ ಬಾಯಲ್ಲಿ ಎಣಿಸುತ್ತಿದ್ದ. ಹನ್ನೊಂದು ಎಣಿಸಿ, ಇನ್ನೂ ಎರಡು ಮೊಳ ಇಳಿದ. ಆಮೇಲೆ ಗುದ್ದಲಿಯನ್ನು ಊರಿ ನಿಂತ.

"ಇಲ್ಲಿ ಯಾರೂ ಕುಂತಿಲ್ರಿ," ಎಂದ.

ಕಸ್ತೂರಿಯ ಗಂಡ ಈರಣ್ಣ ಮುಂಗೋಪಿ. "ಕುಂತಿಲ್ಲ ಅಂದ್ರ? ಎದ್ದು ಪ್ಯಾಟಿಗೆ ಹೋಗ್ಯಾರೇನು?" ಎಂದು ಗದರಿದ.

"ಬಗ್ಗಿ ನೋಡ್ರಿ. ಹನ್ನೊಂದರ ಕೆಳಗಿನ ಪದರಾನೂ ಚಾಪಿ ಹಾಸಿದಂಗ ಅದಾವು. ಒಮ್ಮೆ ಅಗದ ಮಣ್ಣು ಮತ್ತ ಹಿಂಗ ಕೂಡೂದಿಲ್ಲ, ಕಲಸಿ ಹೋಗತೈತಿ. ಈ ನೆಲಾನ ಇವತ್ತಿನ ತನಕ ಯಾರೂ ಮುಟ್ಟಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಕಸ್ತೂರಿ ಮೆಲ್ಲಗೆ ಕೇಳಿದಳು, "ಮಾವಾ, ಅಮಾಸಿಗೆ ನೂಲು ನೋಡೇ ಕಟ್ಟಿದ್ರಲ್ಲ?"

"ನೋಡಿದ್ದೆ," ಎಂದೆ.

ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಸತ್ತ ತಂಗಿ ಇಪ್ಪತ್ತು ಹೆಜ್ಜೆ ಆಚೆ ಕುಳಿತಿರುವಾಗ, ಹಾಗೆಂದೆ. ಆ ಮಾತು ಹೇಗೆ ಬಂತೋ ಇಂದಿಗೂ ನನಗೆ ತಿಳಿಯದು.

ದುರ್ಗಪ್ಪ ಎರಡು ಮಾರು ಎಡಕ್ಕೆ ಹೋಗಿ ಮತ್ತೊಂದು ಕಡೆ ಅಗೆದ. ಅಲ್ಲಿಯೂ ಪದರಗಳು ಮುರಿದಿರಲಿಲ್ಲ. ಬಲಕ್ಕೆ ಬಂದು ಅಗೆದ. ಬಿಸಿಲು ನೆತ್ತಿ ದಾಟಿತು. ಶವದ ಬಳಿ ಭಜನೆ ಹಾಡುವವರ ದನಿ ಬಿದ್ದುಹೋಯಿತು. ಮುದುಕನ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಈರಣ್ಣನಿಗೆ ತಡೆಯಲಾಗಲಿಲ್ಲ.

"ಮುಪ್ಪಾತು ನಿನಗ. ಹಗ್ಗ ಜಗ್ಗಾಕ ಬರೂದಿಲ್ಲ, ಪದರ ಎಣಿಸಾಕ ಬಂದಾನ. ನಮ್ಮತ್ತಿ ಬಿಸಲಾಗ ಕುಂತಾಳ, ನೀ ಇಲ್ಲಿ ಇಲಿ ತೋಡಿದಂಗ ತೋಡಾಕತ್ತಿ."

ದುರ್ಗಪ್ಪ ತಲೆ ಎತ್ತಿ ನನ್ನ ಕಡೆಗೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಗೊತ್ತಿತ್ತು. ಆ ಅಮಾವಾಸ್ಯೆ ಮಳೆಯಲ್ಲಿ ಅವನು ರುದ್ರಭೂಮಿಯಲ್ಲೇ ಇದ್ದಿರಬೇಕು, ನಾನು ಬರಲಿಲ್ಲವೆಂದು ನೋಡಿರಬೇಕು. ಆದರೂ ನನ್ನ ಮಾತಿನ ಮೇಲೆ ಮಾತಾಡದೆ ಮೂರು ಕುಣಿ ತೋಡಿದ್ದ.

"ಅವಗ ಬೈಬ್ಯಾಡ ಈರಣ್ಣ," ಎಂದೆ. "ಹಗ್ಗ ಅವ ಸರಿಯಾಗೇ ಹಿಡಿದಾನ. ಕಟ್ಟಿದವನು ತಪ್ಪಿದ್ದು. ಅಮಾಸಿಗೆ ನಾ ಬಂದಿರಲಿಲ್ಲ. ನೂಲು ನೋಡಿಲ್ಲ."

ಕಸ್ತೂರಿ ನನ್ನನ್ನೇ ನೋಡುತ್ತ ನಿಂತಿದ್ದಳು.

"ಹನ್ನೊಂದು ವರ್ಷ, ಮಾವಾ," ಎಂದಳು. "ಸೋಮವಾರಕ್ಕೊಮ್ಮೆ ಅವ್ವ ಇಲ್ಲಿ ಬಂದು ನೀರು ಹಾಕಿ, ಪತ್ರಿ ಇಟ್ಟು, ಅಪ್ಪನ ಜೋಡಿ ಮಾತಾಡತಿದ್ಲು. ಮನಿಯಾಗಿಂದೆಲ್ಲಾ ಹೇಳತಿದ್ಲು. ಬರೇ ಮಣ್ಣಿನ ಜೋಡಿ ಮಾತಾಡಿದ್ಲೇನು?"

ಎಷ್ಟೋ ಸೋಮವಾರ ನಾನೂ ಅವಳ ಜೊತೆ ಬಂದು ಅದೇ ಜಾಗಕ್ಕೆ ಕೈ ಮುಗಿದಿದ್ದೇನೆ.

ತಿಂಗಳಿಗೆ ಗೇಣು, ಹನ್ನೊಂದು ವರ್ಷಕ್ಕೆ ನೂರ ಮೂವತ್ತೆರಡು ಗೇಣು, ಅರವತ್ತಾರು ಮೊಳ. ಇಷ್ಟನ್ನು ಎಣಿಸಲು ನನಗೆ ಯಾರೂ ಬೇಕಿರಲಿಲ್ಲ. ಈರಣ್ಣನ ಕೈಯಲ್ಲಿದ್ದ ಕೋಲು ಇಸಿದುಕೊಂಡು, ಮೊದಲ ಕುಣಿಯಿಂದ ಬಡಗಣಕ್ಕೆ ಅಳೆಯುತ್ತ ಹೊರಟೆ. ಎಲ್ಲರೂ ಹಿಂದೆ ಬಂದರು. ಮೂವತ್ತು ಮೊಳಕ್ಕೆ ಹುಲ್ಲು ಮುಗಿಯಿತು. ಐವತ್ತಕ್ಕೆ ಹೊಳೆಯ ಸಪ್ಪಳ ಕೇಳಿಸಿತು. ಅರವತ್ತಕ್ಕೆ ಕಾಲಡಿಯ ಮಣ್ಣು ಟೊಳ್ಳಾದಂತೆ ಅನ್ನಿಸತೊಡಗಿತು. ಅರವತ್ತೈದಾಯಿತು. ಅರವತ್ತಾರಕ್ಕೆ ಕೋಲಿಡಲು ನೆಲವಿರಲಿಲ್ಲ. ಕೆಳಗೆ ಹೊಳೆ ಹರಿಯುತ್ತಿತ್ತು.

"ಹಿಂದಕ್ಕ ಸರೀರಿ," ಎಂದು ದುರ್ಗಪ್ಪ ನನ್ನ ರಟ್ಟೆ ಹಿಡಿದು ಎಳೆದ. "ಹೋದ ಮಳಿಗಾಲಕ್ಕ ಈ ದಂಡಿ ಕಡಕೊಂಡು ಬಿದ್ದೈತಿ."

ಪಕ್ಕದ ಇಳಿಜಾರಿನಿಂದ ನಾವು ನೀರಿನಂಚಿನ ಗರಸಿಗೆ ಇಳಿದು ಮೇಲೆ ನೋಡಿದೆವು. ಕಡಿದ ದಂಡೆ ಗೋಡೆಯ ಹಾಗೆ ನಿಂತಿತ್ತು. ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳಂತೆ ಪದರಗಳು, ಕೆಂಪು, ಬೂದು, ಮತ್ತೆ ಕೆಂಪು. ಮೇಲಿನಿಂದ ಹನ್ನೊಂದು ಎಣಿಸಿದೆ. ಅದರ ಕೆಳಗೆ ಒಂದು ಕಡೆ ಮಾತ್ರ ಪದರಗಳು ಮುರಿದು ಮಣ್ಣು ಕಲಸಿಹೋಗಿತ್ತು, ಕುಣಿಯ ಅಗಲಕ್ಕೆ ಸರಿಯಾಗಿ. ಅದರ ಬುಡದಲ್ಲಿ ಒಂದು ಗೂಡು. ಭಾವನವರನ್ನು ಕೂಡಿಸಲು ದುರ್ಗಪ್ಪನೇ ಕೊರೆದ ಗೂಡು. ಅದರ ಹಿಂಗೋಡೆ ಇತ್ತು, ಅರ್ಧ ನೆಲವಿತ್ತು, ಆ ನೆಲದ ಮೇಲೆ ವಿಭೂತಿ ಮತ್ತು ಉಪ್ಪಿನ ಒಂದು ಬಿಳಿಯ ಗೆರೆ ಇತ್ತು. ಮುಂದಿನದೆಲ್ಲ ಹೊಳೆಗೆ ತೆರೆದುಕೊಂಡಿತ್ತು. ಒಳಗೆ ಯಾರೂ ಇರಲಿಲ್ಲ. ನಾವು ನೋಡುತ್ತಿದ್ದಂತೆಯೇ ಒಂದು ಹೆಂಟೆ ಕಳಚಿ ನೀರಿಗೆ ಬಿತ್ತು.

"ಅಪ್ಪ ಎಲ್ಲಿ?" ಎಂದಳು ಕಸ್ತೂರಿ, ಸಣ್ಣ ಹುಡುಗಿಯ ಹಾಗೆ.

ಮಹಾಲಿಂಗಯ್ಯನವರು, ನಮ್ಮ ಮಠದ ಅಯ್ಯನವರು, ಊರಿಗೆಲ್ಲ ಅಜ್ಜಾರು, ಸೂರ್ಯನನ್ನು ನೋಡಿದರು. "ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕವ್ವ. ಕೆಂಪು ಕಲ್ಲಿನ ಹಿಂದ ಗಟ್ಟಿ ನೆಲ ಐತಿ. ಅಲ್ಲೇ ಕೂಡ್ರಸೂಣು. ಆಕಿ ಆಸೆ ಅರ್ಧಾ ಆದರೂ ನಡೀತೈತಿ."

ಆಗ ದುರ್ಗಪ್ಪ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡು, ಹೊಳೆ ತಿರುಗುವಲ್ಲಿಗೆ ಕೈ ತೋರಿಸಿದ. "ಹೊಳಿ ಏನೂ ನುಂಗೂದಿಲ್ರಿ ಅಜ್ಜಾರ. ಇಲ್ಲಿಂದು ತಗೊಂಡು ಅಲ್ಲಿ ಇಡತೈತಿ. ಈ ದಂಡಿ ಕಡದ ವರ್ಷನ ಆ ಉಸುಕಿನ ದಿಬ್ಬ ಎದ್ದದ್ದು. ರಾಚೋಟೆಪ್ಪಣ್ಣ ಎಲ್ಲ್ಯರ ಇದ್ರ ಅಲ್ಲೇ ಅದಾರ."

ದಿಬ್ಬ ಅಲ್ಲಿಂದ ಒಂದು ಕೂಗಳತೆ ದೂರ, ನಮ್ಮ ದಂಡೆಗೇ ತಾಗಿಕೊಂಡಿತ್ತು. ಅಯ್ಯನವರು ಹುಬ್ಬು ಗಂಟಿಕ್ಕಿದರು. "ನಿನ್ನೆ ಮೊನ್ನೆ ಬಂದ ಉಸುಕಿನಾಗ ಹೆಣ ಕೂಡ್ರಸ್ತಾರೇನೋ?"

"ಹೊಸಾದು ಯಾವುದೈತ್ರಿ? ಗುಡ್ಡದ್ದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋತು."

ಕಸ್ತೂರಿ ಅವರಿಬ್ಬರ ಮಾತು ಕೇಳಿಸಿಕೊಂಡಳೋ ಇಲ್ಲವೋ. ನನ್ನ ಕಡೆ ತಿರುಗಿದಳು. "ನೀವು ಹೋಗಿ ನೋಡ್ರಿ ಮಾವಾ. ಈ ಸಲ ನೋಡಿ ಬಂದು ಹೇಳ್ರಿ."

ನಾನೂ ದುರ್ಗಪ್ಪನೂ ಹೋದೆವು. ಉಸುಕಿನಲ್ಲಿ ಕಾಲು ಹೂತುಹೋಗುತ್ತಿತ್ತು. ದಿಬ್ಬದ ಬೆನ್ನಿನ ಮೇಲೆ ಅಲ್ಲಲ್ಲಿ ಕೆಂಪು ಹೆಂಟೆಗಳು ಸಿಕ್ಕಿಕೊಂಡಿದ್ದವು. ಒಂದನ್ನು ಕೈಯಲ್ಲಿ ಹಿಡಿದು ಒಡೆದೆ. ಒಳಗೆ ಪದರಗಳು, ಕೆಂಪು, ಬೂದು, ಕೆಂಪು, ನಮ್ಮ ದಂಡೆಯವೇ. ಇನ್ನೊಂದು, ಮತ್ತೊಂದು ಒಡೆದೆ. ಭಾವನವರ ಒಂದು ಗುರುತಾದರೂ ಸಿಕ್ಕೀತೆಂದು ಮೊಣಕಾಲೂರಿ ಉಸುಕನ್ನು ಬಗೆದೆ. ಉಗುರು ನೋಯುವವರೆಗೆ ಬಗೆದೆ. ಏನೂ ಸಿಗಲಿಲ್ಲ. ದುರ್ಗಪ್ಪ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

"ಸಿಕ್ಕಿತು ಅಂತ ಹೇಳ್ರಿ," ಎಂದ ಮೆಲ್ಲಗೆ. "ಪಾಪದ ಹುಡುಗಿ. ನಾ ಇಲ್ಲ ಅನ್ನೂದಿಲ್ಲ."

ಅವನು ಕೆಟ್ಟವನಲ್ಲ. ನಾನು ಹನ್ನೊಂದು ವರ್ಷದ ಹಿಂದೆ ಮಾಡಿದ್ದನ್ನೇ ಅವನೂ ಮಾಡಲು ಹೊರಟಿದ್ದ. ಒಂದು ಗಳಿಗೆ ನನಗೂ ಹಾಗೇ ಹೇಳಿಬಿಡಬೇಕೆನ್ನಿಸಿತು. ಕರಡಿಗೆಯನ್ನು ಮುಟ್ಟಿಕೊಂಡು ಎದ್ದೆ.

ದಂಡೆ ಹತ್ತಿ, ತಾಯಿಯ ಹತ್ತಿರ ಹೋಗಿ ಕುಳಿತಿದ್ದ ಕಸ್ತೂರಿಯ ಮುಂದೆ ಬಂದು ನಿಂತು ಹೇಳಿದೆ: "ಕೇಳವ್ವಾ. ಈ ದಂಡಿ ಮಣ್ಣು ಅಲ್ಲಿ ಐತಿ, ಕೈಯಾರೆ ಒಡದು ನೋಡೀನಿ. ನಿಮ್ಮಪ್ಪನ್ನ ನಾ ನೋಡಲಿಲ್ಲ. ಇರಬಹುದು, ಇರಲಿಕ್ಕಿಲ್ಲ. ಆ ನೆಲ ನಿಂತದ್ದಲ್ಲ. ಇಪ್ಪತ್ತು ಮೂವತ್ತು ವರ್ಷ ಬೆಳೀತೈತಿ, ಆಮ್ಯಾಲೆ ಹೊಳಿ ಮತ್ತ ತಿರುಗಿದ್ರ ಅದೂ ಹೋಗತೈತಿ. ನಿಂತ ನೆಲ ಬೇಕಂದ್ರ ಅಜ್ಜಾರು ಹೇಳಿದಲ್ಲೇ ಸೈ. ಅಲ್ಲಿ ಅಪ್ಪ ಇಲ್ಲ."

ಅವಳು ತಾಯಿಯ ಕಡೆ ತಿರುಗಿದಳು. ಮಹಾಂತವ್ವ ಹೂವಿನ ನಡುವೆ ಕುಳಿತಿದ್ದಳು, ಹಣೆಯ ವಿಭೂತಿ ಬಿಸಿಲಿಗೆ ಒಣಗಿ ಬಿರಿದಿತ್ತು.

"ಗಟ್ಟಿ ನೆಲದಾಗ ಒಬ್ಬಾಕಿನ್ನ ಯಾಕ ಕೂಡ್ರಸೂದು," ಎಂದಳು. "ಅಪ್ಪನ್ನ ಹುಡುಕಿಕೊಂಡು ಹೋಗಲಿ."

ಉಸುಕಿನಲ್ಲಿ ಕುಣಿ ತೋಡುವುದು ಸುಲಭ, ನಿಲ್ಲಿಸುವುದು ಕಷ್ಟ. ಮೊದಲನೆಯದಕ್ಕೆ ಎದೆಮಟ್ಟದಲ್ಲೇ ನೀರು ಜಿನುಗಿತು. ದಿಬ್ಬದ ನೆತ್ತಿಗೆ ಹೋಗಿ ಮತ್ತೆ ತೋಡಿದರು, ಗೋಡೆ ಜರಿಯಿತು. ಬೈದಿದ್ದ ಈರಣ್ಣನೇ ಅಂಗಿ ಬಿಚ್ಚಿ ದುರ್ಗಪ್ಪನ ಜೊತೆ ಇಳಿದ. ಗುಡ್ಡದಿಂದ ಉರುಳಿ ಬಂದ ಚಪ್ಪಟೆ ಕಲ್ಲುಗಳನ್ನು ಹೊತ್ತು ತಂದು, ಮೂರು ಕಡೆ ನಿಲ್ಲಿಸಿ, ಮೇಲೊಂದು ಹಾಸಿ ಗೂಡು ಮಾಡಿದರು. ನಾನು ಸೂರ್ಯನನ್ನೂ ನೀರನ್ನೂ ನೋಡುತ್ತ ನಿಂತಿದ್ದೆ. ಸೂರ್ಯ ಗುಡ್ಡದ ಭುಜಕ್ಕೆ ಇಳಿದಾಗ ಅಯ್ಯನವರು ತಾವೇ ಉಸುಕಿನಲ್ಲಿ ಇಳಿದು ಬಂದು ಪಾದೋದಕ ಚಿಮುಕಿಸಿದರು. ಎಡಗೈಯಲ್ಲಿ ಲಿಂಗವಿಟ್ಟು ಅವಳನ್ನು ಒಳಗೆ ಕೂಡಿಸಿದರು. ವಿಭೂತಿ ತುಂಬಿದರು, ಪತ್ರೆ ತುಂಬಿದರು. ಕಸ್ತೂರಿ ನನ್ನೊಡನೆ ಮಾತಾಡಲಿಲ್ಲ. ಆದರೆ ಮಣ್ಣು ಕೊಡುವಾಗ ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಮೂರು ಹಿಡಿ ಉಸುಕು ಹಾಕಿದೆ. ಅದು ಬೆರಳ ಸಂದಿಯಲ್ಲೇ ಸೋರಿಹೋಗುತ್ತಿತ್ತು.

ಎಲ್ಲರೂ ದಂಡೆ ಹತ್ತಿದ ಮೇಲೂ ನಾನು ಅಲ್ಲಿಯೇ ನಿಂತು ಕೈ ಮುಗಿದೆ. ದೊಡ್ಡ ಮಾತು ಬಾಯಿಗೆ ಬರಲಿಲ್ಲ. ಬಂದಷ್ಟು ಹೇಳಿದೆ.

ಶಿವನೇ, ಇವಳು ನನ್ನ ತಂಗಿ ಮಹಾಂತವ್ವ. ಇವಳಿಗೆ ನಾನು ಸುಳ್ಳು ಹೇಳಿದ್ದೆ, ನೀನು ಸುಳ್ಳು ಹೇಳಬೇಡ. ರಾಚೋಟೆಪ್ಪ ಎಲ್ಲಿದ್ದಾನೆಂದು ನಿನಗೆ ಗೊತ್ತಿದೆ, ಕೈ ಹಿಡಿದು ತೋರಿಸು. ನೀರಿನ ಸಪ್ಪಳಕ್ಕೆ ಇವಳಿಗೆ ಬೇಗ ನಿದ್ದೆ ಬರುವುದಿಲ್ಲ. ರೂಢಿಯಾಗುವತನಕ ನಾಲ್ಕು ದಿನ ನೀನೇ ಇವಳ ಬಳಿ ಕುಳಿತಿರು. ಇವಳಿಗೆ ಶಾಂತಿ ಕೊಡು, ತಂದೆ. ಅವನಿಗೂ ಕೊಡು.